ಇಪ್ಪತ್ತರ ಗೆರೆ

ಸಕ್ಕರೆ ಏರಿದರೆ ಮನೆಯಲ್ಲಿ ಮೊದಲು ಬೈಸಿಕೊಳ್ಳುವವಳು ಅಡುಗೆ ಮಾಡುವವಳು. ಅಮೆರಿಕದ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್ ಊರಿನ ರಂಜನಿಗೂ ಅದೇ ಆಯಿತು. ಧಾರವಾಡದಿಂದ ಬಂದಿದ್ದ ಅತ್ತೆ ಗೋದಾವರಿಯವರ ಸಕ್ಕರೆ ಎರಡು ವಾರದಿಂದ ಮುನ್ನೂರರ ಕೆಳಗೆ ಇಳಿದಿರಲಿಲ್ಲ. ಹೊಸ ಶೂ ಕಚ್ಚಿ ಕಾಲಿಗಾದ ಗಾಯ ಮಾಯುವ ಬದಲು ಅಗಲವಾಗುತ್ತಿತ್ತು. ಅವರು ಅನ್ನ ಬಿಟ್ಟರು, ಹಣ್ಣು ಬಿಟ್ಟರು. ಸಾರಿಗೆ ಸೊಸೆ ಕದ್ದು ಬೆಲ್ಲ ಹಾಕುತ್ತಾಳೆ ಎಂದೂ ಅಂದುಬಿಟ್ಟರು. ರಂಜನಿ ಒಳಗೆ ಹೋಗಿ ಅತ್ತಳು.

ವಿಚಾರಿಸಿಕೊಳ್ಳಲು ಬಂದವರು ಪಕ್ಕದ ಬೀದಿಯ ವೇಣುಗೋಪಾಲ ಅಂಕಲ್. ಹ್ಯೂಸ್ಟನ್‌ನ ಕೆಮಿಕಲ್ ಪ್ಲಾಂಟ್‌ನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಲೇಬಲ್ ಓದುವುದು ಅವರಿಗೆ ಚಟ, ಉಪ್ಪಿನಕಾಯಿ ಬಾಟಲಿಯನ್ನೂ ಬಿಡುವುದಿಲ್ಲ. ಅತ್ತೆಯ ಇನ್ಸುಲಿನ್ ಊರಿನದು. ತಂದಿದ್ದ ಸಿರಿಂಜ್ ಮುಗಿದು ಎರಡು ವಾರದ ಹಿಂದೆ ಇಲ್ಲಿನ ಫಾರ್ಮಸಿಯಲ್ಲಿ ಹೊಸದು ಕೊಂಡಿದ್ದರು. ಬಾಟಲಿಯ ಮೇಲೆ ನಲವತ್ತು ಎಂದಿತ್ತು, ಸಿರಿಂಜ್ ಮೇಲೆ ನೂರು. ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಅಂಕಲ್ ಕೇಳಿದರು.

“ಇಪ್ಪತ್ತು ಯೂನಿಟ್‌ರಿ. ಹದಿನೈದು ವರ್ಷದಿಂದ ಅಷ್ಟ. ದೇಶ ಬದಲಾದ್ರ ಲೆಕ್ಕ ಬದಲಾಗ್ತದೇನು?”

ಅಂಕಲ್ ವಾದಕ್ಕಿಳಿಯಲಿಲ್ಲ. ಬ್ಯಾಗಿನ ಮೂಲೆಯಲ್ಲಿ ಊರಿನ ಸಿರಿಂಜ್ ಒಂದು ಸಿಕ್ಕಿತು. ಎರಡರಲ್ಲೂ ಇಪ್ಪತ್ತರ ಗೆರೆಯವರೆಗೆ ನೀರು ಎಳೆದು ಎರಡು ಚಮಚಕ್ಕೆ ಬಿಟ್ಟರು. ಊರಿನದರಲ್ಲಿ ಅರ್ಧ ಎಂ.ಎಲ್. ಬಂತು, ಇಲ್ಲಿನದರಲ್ಲಿ ಅದರ ಅರ್ಧವೂ ಇಲ್ಲ. ಗೋದಾವರಿಯವರು ಕನ್ನಡಕ ಏರಿಸಿ, ನಂಬದೆ, ತಾವೇ ಇನ್ನೊಮ್ಮೆ ಎಳೆದು ನೋಡಿದರು. ಹೀಗೇಕೆ ಎಂದು ಕೇಳಿದರು.

“ಒಂದು ಎಂ.ಎಲ್.ನಲ್ಲಿ ನೂರು ಯೂನಿಟ್ ಇರತ್ತೆ ಅಂತ ಲೆಕ್ಕ ಹಾಕಿ ಇಲ್ಲಿನ ಸಿರಿಂಜ್‌ಗೆ ಈ ಗೆರೆ ಎಳೆದಿದ್ದಾರೆ. ನಿಮ್ಮ ಔಷಧೀಲಿ ಇರೋದು ನಲವತ್ತೇ. ಇಲ್ಲಿ ಇಪ್ಪತ್ತರ ಗೆರೆ ಅಂದ್ರೆ ಸೊನ್ನೆ ಬಿಂದು ಎರಡು ಎಂ.ಎಲ್. ಅದನ್ನ ನಲವತ್ತರಿಂದ ಗುಣಿಸಿ, ಎಂಟು ಯೂನಿಟ್ ಆಯ್ತು. ಪ್ಲಾಂಟ್‌ನಲ್ಲಿ ಆಸಿಡ್ ಸುರಿಯೋ ಮುಂಚೆ ನಾವೂ ಇದನ್ನೇ ಕೇಳ್ತಿದ್ವಿ: ಎಷ್ಟರಲ್ಲಿ ಎಷ್ಟು?”

ಗೋದಾವರಿಯವರು ಚುರುಕು. ಹಾಗಾದರೆ ಐವತ್ತರ ಗೆರೆಗೆ ಎಳೆದರಾಯಿತಲ್ಲ ಎಂದರು. ಲೆಕ್ಕ ಸರಿ, ಆದರೆ ಮನೆ ಲೆಕ್ಕದಲ್ಲಿ ಚುಚ್ಚಿಕೊಳ್ಳಬೇಡಿ ಎಂದು ಅಂಕಲ್ ತಡೆದರು. ಅವತ್ತೇ ಡಾಕ್ಟರಿಗೆ ಗಾಯ ತೋರಿಸಿದರು. ಔಷಧಿ, ಅದಕ್ಕೆ ಹೊಂದುವ ಸಿರಿಂಜ್, ಪ್ರಮಾಣ, ಮೂರನ್ನೂ ಡಾಕ್ಟರೇ ಬರೆದುಕೊಟ್ಟರು.

ತಿಂಗಳಲ್ಲಿ ಗಾಯ ಒಣಗಿತು. ಅತ್ತೆ ಸೊಸೆಯ ಕೈ ಹಿಡಿದುಕೊಂಡರು. “ತಪ್ಪು ನನ್ನ ಕೈಯಾಗ ಇತ್ತು ರಂಜನಿ. ನಿನ್ನ ಅಡಿಗಿ ಮ್ಯಾಲೆ ಹಾಕಿದೆ.”

ಊರಿನಿಂದ ಇನ್ಸುಲಿನ್ ತರುವ ಬಂಧುಗಳೇ, ಬಾಟಲಿಯ ಮೇಲಿನ ಸಂಖ್ಯೆಯೂ ಸಿರಿಂಜ್ ಮೇಲಿನ ಸಂಖ್ಯೆಯೂ ಒಂದೇ ಇರಬೇಕು. ನೂರರ ಔಷಧಿಯನ್ನು ನಲವತ್ತರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ, ಪ್ರಾಣಕ್ಕೇ ಕುತ್ತು. ಸಂಖ್ಯೆ ಹೊಂದದಿದ್ದರೆ ಚುಚ್ಚಬೇಡಿ, ಡಾಕ್ಟರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಈಗಲೇ ಎದ್ದು ಫ್ರಿಜ್ ತೆರೆದು ಓದಿ ನೋಡಿ.