ಗೂಟದ ಆಚೆ

ಫರ್ನಾಂಡಿನಾ ದ್ವೀಪದ ಕಪ್ಪು ಲಾವಾ ಬಂಡೆಯ ಮೇಲೆ ಕಡಲ ಉಡಗಳು ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯುತ್ತಿದ್ದವು. ಪ್ರವಾಸಿಗರಿಗೆ ದಾರಿ ತೋರಿಸುತ್ತಿದ್ದ ನಾರ್ಸಿಸಾ ಅವನ್ನು ತುಳಿಯದಂತೆ ಸುತ್ತುಬಳಸಿ ಮುಂದೆ ನಡೆದಳು. ತಿರುಗಿ ನೋಡಿದರೆ, ಪತ್ರಿಕೆಯ ಫೋಟೋಗ್ರಾಫರ್ ಬ್ರಾಂಟ್ ನಾಪತ್ತೆ.

ಪ್ರವಾಸಿಗರು ಮೀರಬಾರದೆಂದು ನೆಟ್ಟ ಗಡಿಗೂಟಗಳನ್ನು ದಾಟಿ ಅವನು ನೀರುಕಾಗೆಯ ಗೂಡಿನ ಪಕ್ಕದಲ್ಲೇ ಮಂಡಿಯೂರಿದ್ದ. ಹಾರಲಾರದ ಆ ಹಕ್ಕಿ ಮೊಂಡು ರೆಕ್ಕೆ ಬಡಿಯುತ್ತ, ಗೂಡಿನಲ್ಲಿದ್ದ ಮರಿಯನ್ನು ಬಿಟ್ಟು ಹಿಂದೆ ಸರಿದಿತ್ತು. "ಈಚೆ ಬನ್ನಿ!" ಎಂದು ನಾರ್ಸಿಸಾ ಕಿರುಚುವಷ್ಟರಲ್ಲಿ ಗಿಡುಗವೊಂದು ಎರಗಿ ಮರಿಯನ್ನು ಹೊತ್ತೊಯ್ದಿತು. ಅದೇ ಹೊತ್ತಿಗೆ ಗಂಡು ಹಕ್ಕಿ ಕೊಕ್ಕಿನಲ್ಲಿ ಕಡಲಪಾಚಿ ಕಚ್ಚಿಕೊಂಡು ನೀರಿನಿಂದ ಮೇಲೆ ಬಂದು, ಬರಿದಾದ ಗೂಡಿಗೆ ಅದನ್ನು ಹಾಸಿತು.

"ಕಣ್ಣು ಕಾಣಲ್ವೇನ್ರೀ? ಗೂಟ ನೆಟ್ಟಿರೋದು ನಿಮ್ಮ ಟೋಪಿ ನೇತುಹಾಕೋಕಾ?"

"ನನ್ನ ಮೇಲ್ಯಾಕೆ ಹಾರಾಡ್ತೀಯ? ಹತ್ರ ಹೋಗಿ ಫೋಟೋ ತಗೊಳ್ಳಿ, ಹುಡುಗಿ ಏನೂ ಅನ್ನಲ್ಲ ಅಂತ ನಿಮ್ಮ ಕ್ಯಾಪ್ಟನ್ನೇ ಹೇಳಿದ್ದು!"

ಕ್ಯಾಪ್ಟನ್ ಎಫ್ರೇನ್ ಅವಳ ಸ್ವಂತ ಚಿಕ್ಕಪ್ಪ. ಎಲ್ಲರನ್ನೂ ದೋಣಿಗೆ ಹತ್ತಿಸಿದವಳೇ ಅವನ ಮುಂದೆ ನಿಂತಳು. ಅವನು ಹುರಿದ ಬಾಳೆಕಾಯಿ ಮೆಲ್ಲುತ್ತಿದ್ದ.

"ಹೌದು, ಹೇಳ್ದೆ. ಏನೀಗ? ಅವನ ಪತ್ರಿಕೇಲಿ ನಮ್ಮ ದೋಣಿ ಹೆಸರು ಬರುತ್ತೆ. ಒಂದು ಮರಿಗೆ ಇಷ್ಟು ರಂಪ ಮಾಡ್ತೀಯಲ್ಲ ಮಗಳೇ!"

"ನನ್ನ ಬಾಯಿ ನಿನ್ನ ಜೇಬಲ್ಲಿದೆ ಅಂದ್ಕೊಂಡ್ಯಾ?"

"ಈ ಕೆಲಸ ಕೊಡಿಸಿದ್ದು ಯಾರು? ಅದನ್ನ ಹೇಳು ಮೊದ್ಲು."

ಅವಳ ಮೈಯೆಲ್ಲ ಉರಿದುಹೋಯಿತು. ನೇರವಾಗಿ ರೇಡಿಯೋಗೆ ಕೈ ಹಾಕಿದಳು. ಅವನು ಮಣಿಕಟ್ಟು ಹಿಡಿದ.

"ದೋಣಿ ಪರವಾನಗಿ ಹೋಗುತ್ತೆ ಕಣೇ! ನಿನ್ನ ಚಿಕ್ಕಮ್ಮನ ಗತಿ ಏನು, ನೆನೆಸ್ಕೋ."

"ಅವನನ್ನ ಅಲ್ಲಿಗೆ ಕಳಿಸೋವಾಗ ನೀನು ನೆನೆಸ್ಕೊಂಡ್ಯಾ? ಬಿಡು ಕೈ!"

ಅವನು ಬಿಟ್ಟ. ದ್ವೀಪಗಳನ್ನು ಕಾಯುವ ರಾಷ್ಟ್ರೀಯ ಉದ್ಯಾನದ ಕಾವಲುಗಾರರಿಗೆ ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು, ಚಿಕ್ಕಪ್ಪನ ಮಾತನ್ನೂ ಸೇರಿಸಿ. ಅವನು ಅಲ್ಲೇ ನಿಂತು ಕೇಳಿಸಿಕೊಂಡ.

ವಿಲಾಮಿಲ್ ಬಂದರಿನಲ್ಲಿ ದೋಣಿಯನ್ನು ತಡೆದು ನಿಲ್ಲಿಸಿದರು. ವಾರದ ಬಳಿಕ ನಾರ್ಸಿಸಾಳನ್ನು ಉದ್ಯಾನದ ಕಚೇರಿಗೆ ಕರೆಸಿದರು. ಗುಂಪು ಅವಳ ಸುಪರ್ದಿಯಲ್ಲಿತ್ತಾದ್ದರಿಂದ, ವಿಚಾರಣೆ ಮುಗಿಯುವವರೆಗೆ ಅವಳೂ ಪ್ರವಾಸಿಗರನ್ನು ದ್ವೀಪಗಳಿಗೆ ಕರೆದೊಯ್ಯುವಂತಿಲ್ಲ.

"ಸರಿ. ಬ್ರಾಂಟ್‌ಗೇನು ಶಿಕ್ಷೆ?"

ಅಧಿಕಾರಿ ಕನ್ನಡಕ ಒರೆಸಿಕೊಂಡ. "ಆತ ಆಗಲೇ ವಿಮಾನ ಹತ್ತಿ ಹೋದನಮ್ಮ."

"ಫೋಟೋ?"

"ಅವನ ಹತ್ರಾನೇ ಇದೆ."

ನಾರ್ಸಿಸಾ ಮುಂದಿದ್ದ ಬೆಂಚನ್ನು ಝಾಡಿಸಿ ಒದ್ದಳು. ಹೆಬ್ಬೆರಳ ಉಗುರು ಕಿತ್ತು ರಕ್ತ ಬಂತು. ಕುಂಟುತ್ತ ಮರಳ ಬೀದಿಗಿಳಿದರೆ, ಎದುರಿಗೆ ಮೀನಿನ ಚೀಲ ಹಿಡಿದು ಚಿಕ್ಕಮ್ಮ ಬರುತ್ತಿದ್ದಳು. ಚಿಕ್ಕಮ್ಮ ಮುಖ ತಿರುಗಿಸಿ ಬೀದಿ ದಾಟಿದಳು. ನಾರ್ಸಿಸಾ ಕರೆಯಲಿಲ್ಲ, ಹಲ್ಲು ಕಚ್ಚಿಕೊಂಡು ನಡೆದಳು.