ಕಾಂತ ಹಾಡದೆ ಬಿಡುವ ಸಾಲುಗಳು

ನನ್ನ ಗಂಡ ಲಕ್ಷ್ಮೀಕಾಂತನಿಗೆ ಬರುವುದು ಒಂದೇ ಹಾಡು, ಅದೂ ಜಪಾನಿ ಭಾಷೆಯದು. ಕನ್ನಡದಲ್ಲಿ ಒಂದು ಹಾಡು ಹೇಳು ಎಂದರೆ ಹಲ್ಲುನೋವು ಬಂದವನಂತೆ ಮುಖ ಮಾಡುತ್ತಾನೆ. ಪರ್ತ್‌ನ ಕನ್ನಡದವರ ಮನೆಗಳಲ್ಲಿ ಊಟವಾದ ಮೇಲೆ ಅಂತ್ಯಾಕ್ಷರಿ ಶುರುವಾದರೆ ಸಾಕು, ಪಾತ್ರೆ ತೊಳೆಯಲು ಎದ್ದು ಹೋಗುವ ಒಬ್ಬನೇ ಗಂಡಸು ಇವನು. ಉಳಿದ ಹೆಂಗಸರು ನಾಗವೇಣಿ ಪುಣ್ಯ ಮಾಡಿದ್ದಳು ಎನ್ನುತ್ತಾರೆ. ನಾನೂ ಅದನ್ನು ತಿದ್ದಲು ಹೋಗುವುದಿಲ್ಲ.

ಆದರೆ ಕ್ಯಾರಿಯೋಕೆ ರೂಮಿನಲ್ಲಿ ಅವನ ಕೈಗೆ ಮೈಕ್ ಕೊಟ್ಟು ನೋಡಬೇಕು. ಕಣ್ಣು ಮುಚ್ಚುತ್ತಾನೆ, ಕತ್ತು ಓರೆ ಮಾಡುತ್ತಾನೆ, ತೆಳ್ಳನೆಯ ದನಿಯಲ್ಲಿ ಎದೆ ಹಿಂಡುವ ಹಾಗೆ ಹಾಡುತ್ತಾನೆ. ನಡುನಡುವೆ ಮೈಕ್ ಕೆಳಗಿಳಿಸಿ ಸುಮ್ಮನೆ ನಿಲ್ಲುತ್ತಾನೆ. ಆಗ ಬರೀ ವಾದ್ಯ ನುಡಿಯುತ್ತದೆ. ಮದುವೆಗೆ ಮುಂಚೆ ಅವನು ಎರಡು ವರ್ಷ ನಗೋಯಾದ ಕಾರ್ಖಾನೆಯೊಂದರಲ್ಲಿದ್ದ, ಹಾಡು ಅಲ್ಲಿಂದ ಬಂದದ್ದು, ಇಷ್ಟೇ ನನಗೆ ಗೊತ್ತಿದ್ದದ್ದು.

2015ರಲ್ಲಿ, ನಾನು ಕೆಲಸ ಮಾಡುವ ಚೈಲ್ಡ್‌ಕೇರಿನ ಗೆಳತಿ ಮಯೂಮಿಗೆ ಮೂವತ್ತೈದು ತುಂಬಿತು. ಅವಳ ಹುಟ್ಟುಹಬ್ಬಕ್ಕೆ ನಾವೆಲ್ಲ ನಾರ್ತ್‌ಬ್ರಿಜ್‌ನ ಕ್ಯಾರಿಯೋಕೆಗೆ ಹೋದೆವು. ಕಾಂತ ತನ್ನ ಹಾಡು ಶುರು ಮಾಡಿದ್ದೇ ತಡ, ಮಯೂಮಿ ಹೈಸ್ಕೂಲ್ ಹುಡುಗಿಯಂತೆ ಕಿರುಚಿ ಸೋಫಾ ಹತ್ತಿದಳು. ಹಾಡು ಮುಗಿಯುವ ಹೊತ್ತಿಗೆ ಮಾತ್ರ ಅವಳ ಹುಬ್ಬು ಗಂಟಾಗಿತ್ತು.

"ನಮ್ಮ ಸ್ಕೂಲ್ ದಿನಗಳ ಹಾಡು ಇದು," ಎಂದಳು ನನ್ನ ಕಿವಿಯ ಹತ್ತಿರ. "ಮೂವತ್ತು ದಾಟಿದವರು ಇದನ್ನು ಹಾಡದೆ ಕ್ಯಾರಿಯೋಕೆಯಿಂದ ಆಚೆ ಬರುವುದಿಲ್ಲ. ಆದರೆ ನಿನ್ನ ಗಂಡ ಯಾಕೆ ಅರ್ಧ ಮಾತ್ರ ಹಾಡುತ್ತಾನೆ?"

ಅರ್ಧವೇ? ನಾನು ಬಾಯಿ ಬಿಟ್ಟೆ. ಅವಳು ಬಿಡಿಸಿ ಹೇಳಿದಳು: ಅದು ಇಬ್ಬರ ಹಾಡು. ಊರು ಬಿಟ್ಟು ಹೊರಟ ಹುಡುಗ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ನಿಂತ ಹುಡುಗಿ. ಅವಳು ಕೇಳುತ್ತಾಳೆ, ಅವನು ಉತ್ತರ ಕೊಡುತ್ತಾನೆ. ಕಾಂತ ಸುಮ್ಮನೆ ನಿಲ್ಲುವುದು ಜೊತೆಯವರ ಸಾಲುಗಳ ಜಾಗದಲ್ಲಿ.

ಹಾಗಾದರೆ ನಗೋಯಾದಲ್ಲಿ ಒಬ್ಬಳಿದ್ದಳು! ನೀಳ ಕೂದಲಿನವಳು, ನನಗಿಂತ ತೆಳ್ಳಗಿನವಳು. ಇಷ್ಟು ವರ್ಷ ಇವನು ಅವಳ ಪಾಲನ್ನು ಬಿಟ್ಟು...

"ಅಯ್ಯೋ, ಅವನು ಹಾಡುವುದೇ ಹುಡುಗಿಯ ಪಾಲು," ಎಂದು ನನ್ನ ಮುಖ ನೋಡಿ ಮಯೂಮಿ ನಕ್ಕಳು. "ಜೊತೆಗಿದ್ದವರು ಗಂಡಸೇ ಇರಬೇಕು."

ನೀಳ ಕೂದಲಿನವಳು ಅಲ್ಲಿಗೇ ಮಾಯವಾದಳು, ಕುತೂಹಲ ಮಾತ್ರ ಹೋಗಲಿಲ್ಲ. ಯಾರ ಜೊತೆ ಹಾಡುತ್ತಿದ್ದೆ ಎಂದು ಮನೆಯಲ್ಲಿ ಕೇಳಿದರೆ, "ಯಾರೂ ಇಲ್ಲ ಬಿಡು," ಎಂದು ಕಾಂತ ಪಾತ್ರೆ ತೊಳೆಯಲು ಹೋದ. ಇಷ್ಟಕ್ಕೆ ಬಿಡುವವಳೇ ನಾನು? ಮಯೂಮಿಯ ಬೆನ್ನು ಹತ್ತಿ ಹುಡುಗನ ಮೊದಲ ಸಾಲನ್ನು ಕಲಿತೆ. ಮುಂದಿನ ಭಾನುವಾರ ಕಾರಿನಲ್ಲಿ ಅವನು ಆ ಹಾಡನ್ನು ಗುನುಗುತ್ತ ಸುಮ್ಮನಾಗುವ ಜಾಗಕ್ಕೆ ಬಂದಾಗ, ನಾನು ಜಂಬದಿಂದ ಆ ಸಾಲನ್ನು ಹಾಡಿಬಿಟ್ಟೆ.

ಕಾಂತ ಎದುರಿಗೆ ಸಿಕ್ಕ ಸರ್ವೋಗೆ, ಅಂದರೆ ಪೆಟ್ರೋಲ್ ಬಂಕಿಗೆ, ಕಾರು ತಿರುಗಿಸಿದ. ಟ್ಯಾಂಕ್ ತುಂಬಿಯೇ ಇತ್ತು. ಪೆಟ್ರೋಲ್ ಪಂಪಿನ ಪಕ್ಕ ಎಂಜಿನ್ ನಿಲ್ಲಿಸಿ ಕೂತ.

"ಅದು ನಾಗಿ ಜಾಗ, ವೇಣಿ. ನೀನು ಹಾಡ್ಬೇಡ."

ನಾಗಿ ಎಂದರೆ ನಾಗೇಂದ್ರ. ಮೈಸೂರಿನವನು, ಇವನ ಜೊತೆ ಓದಿದವನು, ನಗೋಯಾದಲ್ಲಿ ಇವನ ರೂಮಿನವನು. ಅಲ್ಲಿ ವರ್ಷದ ಕೊನೆಯ ಪಾರ್ಟಿಯಲ್ಲಿ ಹೊಸಬರು ಹಾಡಲೇಬೇಕು, ಹಾಡಲು ಬರುವುದಿಲ್ಲ ಎಂದರೆ ಬಿಡುವುದಿಲ್ಲವಂತೆ. ಮೇಲಿನವರೆಲ್ಲ ಇಷ್ಟಪಡುವ ಹಾಡೆಂದು ಇಬ್ಬರೂ ಇದನ್ನೇ ಬಾಯಿಪಾಠ ಮಾಡಿದರು. ಕಾಂತನ ದನಿ ತೆಳು, ಹಾಗಾಗಿ ಹುಡುಗಿಯಾದ. ಆಮೇಲೆ ಇವರಿಬ್ಬರಿಲ್ಲದೆ ಅಲ್ಲಿ ಪಾರ್ಟಿಯೇ ಆಗುತ್ತಿರಲಿಲ್ಲ.

"ಮತ್ತೆ ನಮ್ಮ ಮದುವೇಲಿ ನಾನು ಅವರನ್ನ ನೋಡ್ಲೇ ಇಲ್ವಲ್ಲ?"

"ಬರ್ಲಿಲ್ಲ."

"ಕಾರ್ಡ್ ಕೊಟ್ಟಿದ್ಯಾ?"

"ನಾಗಿಗೆ ಕಾರ್ಡಾ? ಅವನು ಮನೆಯವನು ಕಣೇ. ನನ್ನ ಪಕ್ಕದಲ್ಲಿ ನಿಲ್ಬೇಕಾದವನಿಗೆ ಅರಿಸಿನ ಹಚ್ಚಿ ಕಾರ್ಡ್ ಕೊಡೋದಾ? ಡೇಟ್ ಗೊತ್ತಿತ್ತು ಅವನಿಗೆ. ಬರ್ಲೇ ಇಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮವರು ಇರುವುದೇ ಹೀಗೆ. ಎದುರುಮನೆಯ ಮುಂಗೋಪಿ ಅಂಕಲ್‌ಗೆ ಮನೆ ತನಕ ಹೋಗಿ, ಕಾಫಿ ಕುಡಿದು, ಕುಟುಂಬ ಸಮೇತ ಬರಬೇಕು ಎಂದು ಕೈ ಮುಗಿಯುತ್ತೇವೆ. ಎದೆಯೊಳಗೆ ಇರುವವನನ್ನು ಕರೆಯುವುದೇ ಇಲ್ಲ. ಕರೆಯಲಿಲ್ಲ ಎಂದು ಅವನು, ಬರಲಿಲ್ಲ ಎಂದು ಇವನು, ಆರು ವರ್ಷದಿಂದ ಮಾತಿಲ್ಲ. ನನ್ನ ಮದುವೆಯ ದಿನವೇ ಇವನು ಇಂಥ ಸ್ನೇಹಿತನನ್ನು ಕಳೆದುಕೊಂಡ ಎಂಬುದು ನನಗೆ ಬಹಳ ನೋವು ಕೊಟ್ಟಿತು.

"ಈಗೆಲ್ಲಿದ್ದಾರೆ?"

"ಬ್ರಿಸ್ಬೇನ್. ನಾರ್ತ್ ಲೇಕ್ಸ್. ಫೇಸ್‌ಬುಕ್‌ನಲ್ಲಿ ನೋಡ್ತಿರ್ತೀನಿ."

ಒಂದೇ ದೇಶದಲ್ಲಿದ್ದೂ ಈ ಬಿಗುಮಾನ! ಆಗಸ್ಟ್‌ನಲ್ಲಿ ಟ್ರೈನಿಂಗ್ ಎಂದು ನನ್ನನ್ನು ಬ್ರಿಸ್ಬೇನ್‌ಗೆ ಕಳಿಸಿದರು. ಕಾಂತ ಆ ವಾರ ಆಫೀಸಿನ ಕೆಲಸಕ್ಕೆ ಅಡಿಲೇಡ್‌ಗೆ ಹೊರಟಿದ್ದ. ಅವನಿಗೆ ಹೇಳದೆ, ಮದುವೆಯಲ್ಲಿ ಉಳಿದಿದ್ದ ಕಾರ್ಡುಗಳಲ್ಲಿ ಒಂದನ್ನು ತೆಗೆದು ನಾಲ್ಕು ಮೂಲೆಗೂ ಅರಿಸಿನ ಹಚ್ಚಿದೆ. ಪುಟ್ಟ ಡಬ್ಬಿಯಲ್ಲಿ ಅಕ್ಷತೆ, ಇನ್ನೊಂದರಲ್ಲಿ ಕುಂಕುಮ.

ಶನಿವಾರ ಮಧ್ಯಾಹ್ನ ಅಲ್ಲಿನ ಕನ್ನಡದವರಿಂದ ವಿಳಾಸ ಕೇಳಿಕೊಂಡು ಹೋದೆ. ನಾರ್ತ್ ಲೇಕ್ಸ್‌ನ ಮನೆಯ ಬಾಗಿಲು ತೆರೆದವಳು ನಾಗೇಂದ್ರನ ಹೆಂಡತಿ ದೇವಕಿ. ಲಕ್ಷ್ಮೀಕಾಂತನ ಹೆಂಡತಿ ಎಂದೆ. ಅಷ್ಟು ಹೇಳಿದ್ದಕ್ಕೇ ಅವಳು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು. ನಾಗೇಂದ್ರ ಸೋಫಾದಿಂದ ಎದ್ದವನು ಎದ್ದೇ ನಿಂತ. ನಾನು ದೇವಕಿಗೆ ಕುಂಕುಮ ಇಟ್ಟೆ. ಅಕ್ಷತೆ ಹಾಕಿದ ಕಾರ್ಡನ್ನು ಎರಡೂ ಕೈಯಲ್ಲಿ ನಾಗೇಂದ್ರನಿಗೆ ಚಾಚಿದೆ.

"ಮೈಸೂರಲ್ಲಿ ನಮ್ಮ ಮದುವೆ. ಕುಟುಂಬ ಸಮೇತ ಹಿಂದಿನ ದಿನಾನೇ ಬಂದ್ಬಿಡ್ಬೇಕು."

ದೇವಕಿ ಬಾಯಿಗೆ ಸೆರಗಿಲ್ಲದೆ ಟೀಶರ್ಟಿನ ತೋಳು ಅಡ್ಡ ಹಿಡಿದು ನಕ್ಕಳು. ನಾಗೇಂದ್ರ ನಗಲಿಲ್ಲ. ಕಾರ್ಡನ್ನು ಮೊದಲಿನಿಂದ ಕೊನೆಯವರೆಗೂ, ಅಚ್ಚು ಹಾಕಿದವರ ವಿಳಾಸವನ್ನೂ ಬಿಡದೆ ಓದಿದ.

"ಇನ್ನೂ ಹುಡುಗಿ ಪಾಲೇ ಹಾಡ್ತಾನಾ?"

"ನಿಮ್ಮ ಪಾಲು ಬಂದಾಗ ಸುಮ್ನೆ ನಿಂತಿರ್ತಾನೆ. ನಾನು ಹಾಡೋಕೆ ಹೋದ್ರೆ ಬೇಡ ಅಂದ."

ಅವನು ಸೋಫಾದ ಅಂಚಿಗೆ ಕೂತ. "ಸೂಟ್‌ಕೇಸ್ ತುಂಬ್ಕೊಂಡು ಛತ್ರಕ್ಕೆ ಹೊರಟು ಕೂತಿದ್ದೆ ಅವತ್ತು. ಕರೀದೆ ಹೋಗ್ಬಾರ್ದು ಅಂದ್ರು ಅಮ್ಮ. ಸಾಯಂಕಾಲದ ತನಕ ಫೋನ್ ನೋಡ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ."

"ಆನೆ ಎಲ್ಲಿಂದ ತರ್ಲಿ? ಕಾರ್ಡ್ ತಂದಿದ್ದೀನಿ. ಈಗ ಕರೀತಿದ್ದೀನಲ್ಲ."

"ನೀವು ಕರೆದ್ರೆ ಹೆಣ್ಣಿನ ಕಡೆಯವರು ಕರೆದ ಹಾಗಾಯ್ತು," ಎಂದ. "ನಾನು ಗಂಡಿನ ಕಡೆಯವನು."

ಅಡಿಲೇಡ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಟ್ರೈನಿಂಗ್ ಹೇಗಾಯ್ತು ಎಂದು ಕಾಂತ ಶುರು ಮಾಡಿದ.

"ಅದಿರ್ಲಿ ಕಾಂತ. ಇಲ್ಲಿ ಗಂಡಿನ ಕಡೆಯವರೊಬ್ಬರು, ಮದುವೆಗೆ ಕರೆದಿಲ್ಲ ಅಂತ ಮುನಿಸ್ಕೊಂಡು ಕೂತಿದ್ದಾರೆ. ನೀನೇ ಮಾತಾಡು."

ನಾನು ಎಲ್ಲಿದ್ದೇನೆಂದು ಅವನಿಗೆ ಹೊಳೆದಿತ್ತು. ದೇವಕಿ ನನ್ನ ಮೊಣಕೈ ಹಿಡಿದುಕೊಂಡಳು. ಫೋನ್ ಇಟ್ಟೇಬಿಟ್ಟನೋ ಎಂದು ನನಗೆ ಭಯವಾಯಿತು.

"ನಾಗಿ," ಎಂದ ಕಾಂತ ಕೊನೆಗೆ. "ನನ್ನ ಮದುವೆ ಕಣೋ. ಬಾರೋ."

ನಾಗೇಂದ್ರ ಕಾರ್ಡಿನಿಂದ ಜಾರಿದ ಅಕ್ಷತೆ ಕಾಳುಗಳನ್ನು ಅಂಗೈಯಲ್ಲಿ ಹಿಡಿದುಕೊಂಡ.

"ಯಾವಾಗ ಹೊರಡ್ಲಿ ಹೇಳೋ," ಎಂದ.