ಹುಳುಮನೆಯ ಥರ್ಮಾಮೀಟರ್

2024ರ ಏಪ್ರಿಲ್ 18, ಮಧ್ಯಾಹ್ನ 2 ಗಂಟೆ 40 ನಿಮಿಷ. ಶಿಡ್ಲಘಟ್ಟದ ಹತ್ತಿರ, ಅಕ್ಕ ಲಕ್ಷ್ಮೀನರಸಮ್ಮನ ಹುಳುಮನೆಯಲ್ಲಿ ರೇಷ್ಮೆಹುಳುಗಳೆಲ್ಲ ಸತ್ತು ಬಿದ್ದಿದ್ದವು.

ಗಿರಾಕಿಗಳು ಅಂಗಡಿಗೆ ವಾಪಸ್ ಕೊಟ್ಟ ಸಾಮಾನನ್ನು ಕೊಂಡು, ಹೊಸ ಡಬ್ಬಿಗೆ ಹಾಕಿ ಮಾರುವುದು ನನ್ನ ಕಸುಬು. ಗೋಡೆಯ ಮೇಲಿನ ಡಿಜಿಟಲ್ ಥರ್ಮಾಮೀಟರ್ ಅಂಥದ್ದೇ. ಹೊಸದೆಂದು ಹೇಳಿ ಅಕ್ಕನಿಗೂ ಮಾರಿದ್ದೆ. ಅಂಕಿ ಕಾಣುತ್ತದೆಯೇ ಎಂದಷ್ಟೇ ನೋಡಿದ್ದೆ, ಸರಿಯಿದೆಯೇ ಎಂದು ನೋಡಿರಲಿಲ್ಲ.

"ಸೆಕೆ ಅಂತ ನನ್ನ ಮೈಗೇ ಗೊತ್ತಾಗ್ತಿತ್ತು ಕಣಪ್ಪ," ಎಂದಳು ಅಕ್ಕ. "ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಣ ಅಂತ ಎದ್ದೆ. ಅದು ಹುಳಕ್ಕೆ ಬೇಕಾದ ಇಪ್ಪತ್ತೈದೇ ತೋರಿಸ್ತಿತ್ತು. ಬಿಎಸ್ಸಿ ಓದಿರೋ ತಮ್ಮ ಕೊಟ್ಟಿದ್ದು, ನನ್ನ ಮೈಯೇ ಸುಳ್ಳು ಅಂದ್ಕೊಂಡು ಸುಮ್ನಾದೆ."

ನನ್ನ ಕಾಲೇಜು ದಿನಗಳ ಪಾದರಸದ ಥರ್ಮಾಮೀಟರನ್ನು ಅದರ ಪಕ್ಕದಲ್ಲಿ ಹತ್ತು ನಿಮಿಷ ಹಿಡಿದೆ. ಗೋಡೆಯದು ಈಗಲೂ 25 ಎನ್ನುತ್ತಿತ್ತು.

"ನಿಂದ್ರಾಗೆ ಎಷ್ಟೈತಪ್ಪ?" ಎಂದು ಅಕ್ಕ ಕೇಳಿದಳು.

34 ಡಿಗ್ರಿ ಇತ್ತು.